ಸುಶೀಲಾ ಮಿಸ್ ಮತ್ತು ಕೀಚುಗುಟ್ಟುವ ಕಾರು

ಸುಶೀಲಾ ಮಿಸ್ ಯಾವ ಹಾರ್ನಿಗೂ ಹೆದರಿದವರಲ್ಲ. ಕಲಿಯುವವರ ಕೈಯಲ್ಲಿ ಕಾರು ನಡುರಸ್ತೆಯಲ್ಲಿ ಆಫ್ ಆಗಿ, ಹಿಂದಿನ ಬಸ್ಸು, ಆಟೊ, ಸ್ಕೂಟರುಗಳೆಲ್ಲ ಒಟ್ಟಿಗೆ ಅರಚತೊಡಗಿದರೆ ಅವರು ಪಕ್ಕದ ಸೀಟಿನಿಂದ ನಿಧಾನವಾಗಿ ಇಳಿಯುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರಿನ ಹಿಂದೆ ಹೋಗಿ ನಿಂತು, ಎಲ್ಲರಿಗಿಂತ ಜೋರಾಗಿ ಹಾರ್ನ್ ಹೊಡೆಯುತ್ತಿದ್ದವನನ್ನು ಹುಡುಕಿ ಕೇಳುತ್ತಿದ್ದರು: "ಅವ್ರು ಕಲೀತಿದಾರೆ. ನೀವೇನು ಅಮ್ಮನ ಹೊಟ್ಟೇಲೇ ಕಲ್ತ್ಕೊಂಡ್ ಬಂದ್ರಾ?" ಆಮೇಲೆ, ಒಳಗೆ ಬೆವರುತ್ತಾ ಕೂತಿರುತ್ತಿದ್ದ ನಮ್ಮ ಕಡೆ ಕಿಟಕಿಯಲ್ಲಿ ಬಗ್ಗಿ, "ನಿಧಾನಕ್ಕೆ ಸ್ಟಾರ್ಟ್ ಮಾಡಿ. ರಸ್ತೆ ಎಲ್ಲೂ ಓಡಿ ಹೋಗಲ್ಲ" ಅನ್ನುತ್ತಿದ್ದರು.

ನಾನು ಅವರ ಹತ್ತಿರ ಡ್ರೈವಿಂಗ್ ಕಲಿಯಲು ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗೆ ಇದ್ದೆವು. ನನ್ನ ಯಜಮಾನರಿಗೆ ಊರೂರು ತಿರುಗುವ ಕೆಲಸ. ಮನೆಯಲ್ಲಿ ದಮ್ಮಿನ ಕಾಯಿಲೆಯ ಮಾವ. ಒಂದು ಬೆಳಿಗ್ಗೆ ಮಾವನಿಗೆ ಉಸಿರು ಸಿಕ್ಕಿಹಾಕಿಕೊಂಡಾಗ ಬೀದಿ ತುದಿಯವರೆಗೆ ಬರಿಗಾಲಲ್ಲಿ ಓಡಿದರೂ ಒಂದು ಆಟೊ ನಿಲ್ಲಲಿಲ್ಲ. ಯಜಮಾನರ ಹಳೆಯ ಕಾರು ಗೇಟಿನೊಳಗೆ ಕವರು ಹೊದ್ದು ನಿಂತಿತ್ತು. ಕೊನೆಗೆ ಪಕ್ಕದ ಮನೆಯವರು ಎದ್ದು ಬಂದು ಆಸ್ಪತ್ರೆಗೆ ಸೇರಿಸಿದರು. ಮಾವ ಉಳಿದುಕೊಂಡರು. ಆ ವಾರವೇ ನಾನು ತಿಲಕ್ ನಗರದ ಸುಶೀಲಾ ಮಿಸ್ ಮನೆಯ ಬಾಗಿಲು ತಟ್ಟಿದೆ.

ಅವರು ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು. ಡ್ರೈವಿಂಗ್ ಸ್ಕೂಲು ಅವರ ಗಂಡ ನಡೆಸುತ್ತಿದ್ದದ್ದು. ಆತ ಹೃದಯಾಘಾತದಿಂದ ತೀರಿಕೊಂಡಾಗ ಮೈದುನ ಮೂರ್ತಿ, "ಅತ್ತಿಗೆ, ಬೋರ್ಡು ಇಳಿಸಿ, ಗಾಡಿ ಮಾರಿಬಿಡೋಣ" ಅಂದರಂತೆ. ಮಿಸ್ ಬೋರ್ಡು ಇಳಿಸಿದರು ನಿಜ. ಅದಕ್ಕೆ ಹೊಸದಾಗಿ ಬಣ್ಣ ಹೊಡೆಸಿ, ತಮ್ಮ ಹೆಸರು ಬರೆಸಿ, ಮತ್ತೆ ಏರಿಸಿದರು. ಗಂಡಸರು ಕಲಿಯಲು ಬರುವುದು ನಿಂತುಹೋಯಿತು. ಹೆಂಗಸರು ಬರತೊಡಗಿದರು.

ಕಾರು ಮಾಸಲು ಬಿಳಿಯ ಅಂಬಾಸಿಡರ್. ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇತ್ತು. ಮೊದಲ ದಿನ ಅದನ್ನು ತೋರಿಸಿ, "ಬ್ರೇಕು ನನ್ ಕಾಲಲ್ಲಿದೆ. ಧೈರ್ಯ ನಿಮ್ ಕಾಲಲ್ಲಿರ್ಲಿ" ಅಂದಿದ್ದರು. ಅವರ ಕಾರಿನಲ್ಲಿ ಯಾರೂ 'ಸಾರಿ' ಅನ್ನುವಂತಿರಲಿಲ್ಲ. ಗೇರು ಕರಕರ ಅಂದಾಗ ಅಭ್ಯಾಸಬಲದಿಂದ ಬಾಯಿಗೆ ಬಂದುಬಿಡುತ್ತಿತ್ತು. "ಯಾರಿಗಮ್ಮ ಸಾರಿ? ಗೇರಿಗಾ? ಮನೇಲಿ ದಿನವಿಡೀ ಹೇಳೋದು ಸಾಲ್ದಾ? ಮತ್ತೆ ಹಾಕಿ." ಪಾಠ ಚೆನ್ನಾಗಿ ಆದ ದಿನ ಜಯನಗರದ ಮೈದಾನದ ಪಕ್ಕ ಕಾರು ನಿಲ್ಲಿಸಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಿದ್ದರು. ಕೆಟ್ಟದಾಗಿ ಆದ ದಿನವೂ ಕೊಡುತ್ತಿದ್ದರು, ಆದರೆ ಆವತ್ತು ಸಕ್ಕರೆ ಸ್ವಲ್ಪ ಜಾಸ್ತಿ ಇರುತ್ತಿತ್ತು.

ನನ್ನ ಜೊತೆ ಕಲಿಯುತ್ತಿದ್ದವರು ವಿಮಲಾ ಆಂಟಿ. ಐವತ್ತು ದಾಟಿದವರು, ಜಯನಗರದ ಶಾಲೆಯೊಂದರಲ್ಲಿ ಗುಮಾಸ್ತೆ. ಹೆಜ್ಜೆಹೆಜ್ಜೆಗೂ ತಮ್ಮದೇ ತಪ್ಪು ಅಂದುಕೊಳ್ಳುವ ಜೀವ. ಗೇಟು ಹಾಕುವಾಗ ಸದ್ದಾದರೂ ಗೇಟಿನ ಕಡೆ ತಿರುಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಆ ಬೇಸಿಗೆಯಲ್ಲಿ ಕಾರಿನ ಬ್ಯಾಟರಿ ಪದೇ ಪದೇ ಸಾಯತೊಡಗಿತು. ಸಿದ್ದಾಪುರದ ಕಡೆಯ ಒಂದು ಗ್ಯಾರೇಜಿನವನು, ಬ್ಯಾಟರಿಗೆ ಕರೆಂಟು ತುಂಬುವ ಡೈನಮೊ ಕೆಟ್ಟಿದೆ ಎಂದು ಅದನ್ನು ಬಿಚ್ಚಿ ರಿಪೇರಿ ಮಾಡಿ ಕೂರಿಸಿದ. ಬ್ಯಾಟರಿ ಸರಿಹೋಯಿತು. ಆದರೆ ಕೆಲವೇ ದಿನಗಳಲ್ಲಿ ಬಾನೆಟ್ಟಿನ ಒಳಗಿನಿಂದ ಹೊಸದೊಂದು ಸದ್ದು ಶುರುವಾಯಿತು. ಕೀಚ್, ಕೀಚ್, ಕೀಚ್. ಗೂಡಿನಲ್ಲಿ ಹಸಿದ ಗುಬ್ಬಿಮರಿ ಕೂಗಿದ ಹಾಗೆ, ಎಂಜಿನ್ನಿನ ವೇಗಕ್ಕೆ ತಕ್ಕ ತಾಳದಲ್ಲಿ. ಗ್ಯಾರೇಜಿನವನು ಫ್ಯಾನ್ ಬೆಲ್ಟು ಸವೆದಿದೆ ಎಂದು ಹೊಸದು ಹಾಕಿದ. ವಾರ ಕಳೆಯುವುದರೊಳಗೆ ಗುಬ್ಬಿಮರಿ ವಾಪಸು ಬಂತು. ನಾವು ಹೋಗುವ ಬೀದಿಗಳಲ್ಲಿ ಮಕ್ಕಳು ಕ್ರಿಕೆಟ್ ನಿಲ್ಲಿಸಿ "ಕೀಚ್ ಕೀಚ್ ಮಿಸ್" ಎಂದು ಕೂಗುವುದು ಶುರುವಾಯಿತು. ನಾಚಿಕೆಯಿಂದ ಒಬ್ಬಿಬ್ಬರು ಪಾಠಕ್ಕೆ ಬರುವುದನ್ನೂ ಬಿಟ್ಟರು.

ಮತ್ತೆ ಗ್ಯಾರೇಜಿಗೆ ಹೋದ ದಿನ ನಾನೂ ವಿಮಲಾ ಆಂಟಿಯೂ ಹಿಂದಿನ ಸೀಟಿನಲ್ಲಿದ್ದೆವು. ಗ್ಯಾರೇಜಿನ ಯಜಮಾನ ಬಾನೆಟ್ಟು ಎತ್ತಿ, ಒಂದು ಕ್ಷಣ ಕಿವಿಗೊಟ್ಟು, ಹಾಗೇ ಮುಚ್ಚಿದ.

"ಎಂಜಿನ್ನೇ ಹೋಗಿದೆ ಮೇಡಂ. ಲೇಡೀಸ್ ಓಡ್ಸಿ ಓಡ್ಸಿ ಗಾಡಿ ಹಾಳಾಗಿದೆ. ಕ್ಲಚ್ ತುಳಿಯಕ್ಕೆ ಬರಲ್ಲ, ಗೇರ್ ಹಾಕಕ್ಕೆ ಬರಲ್ಲ, ಇನ್ನೇನಾಗತ್ತೆ? ಮಾರ್ಬಿಡಿ. ಮೂರ್ತಿ ಸಾರ್ ಪಾರ್ಟಿ ನೋಡಿದಾರಂತಲ್ಲ."

ಮಿಸ್ ಬಂದು ಸ್ಟೇರಿಂಗ್ ಹಿಡಿದು ಕೂತರು. ವಾಪಸು ಬರುವಾಗ ವಿಮಲಾ ಆಂಟಿ ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, "ನನ್ನಿಂದ್ಲೇ ಇರ್ಬೇಕು ಮಿಸ್. ನಾನೇ ಎಷ್ಟು ಸಲ ಗೇರು ಕೆರೆದಿದೀನಿ. ನಾಳೆಯಿಂದ ಬರಲ್ಲ, ಬಿಡಿ" ಅಂದರು.

ಮಿಸ್ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಹಿಂದಕ್ಕೆ ತಿರುಗಿದ ಅವರ ಮುಖ ಕೆಂಪಾಗಿತ್ತು.

"ವಿಮಲಾ, ನೀವು ನಾಳೆ ಬರ್ತೀರ. ಗಿರಿಜಾ, ನೀವೂ ಬರ್ತೀರ. ಈ ಸದ್ದು ನಮ್ಮಿಂದ ಬರ್ತಿದ್ರೆ ನಾನೇ ಬೋರ್ಡ್ ಕಿತ್ತು ಒಲೆಗೆ ಹಾಕ್ತೀನಿ. ನಮ್ಮಿಂದ ಅಲ್ದೆ ಇದ್ರೆ, ಅವ್ನ ಬಾಯಲ್ಲೇ ಹೇಳಿಸ್ತೀನಿ."

ಮರುದಿನ ಬೆಳಿಗ್ಗೆ ಮೈದಾನದ ಪಕ್ಕದ ಮರದ ಕೆಳಗೆ ಬಾನೆಟ್ಟು ತೆರೆಯಿತು. ಮೊದಲು ಎಲ್ಲರೂ ಜಡೆ ಎತ್ತಿ ಕಟ್ಟಬೇಕು, ಸೆರಗು ಬಿಗಿಯಬೇಕು, ಬಳೆ ತೆಗೆದಿಡಬೇಕು. ಓಡುವ ಎಂಜಿನ್ನಿನ ಹತ್ತಿರ ಯಾವುದೂ ನೇತಾಡಬಾರದು. ಮಿಸ್‌ಗೆ ಎಲ್ಲಾ ಗೊತ್ತಿತ್ತು ಅಂತೇನಲ್ಲ. ಗಂಡ ರಿಪೇರಿ ಮಾಡುವಾಗ ಸ್ಪ್ಯಾನರು ಎತ್ತಿಕೊಟ್ಟ ಅನುಭವವಷ್ಟೇ. ಬೆಲ್ಟು ಸಡಿಲವಾಗಿರಬೇಕು ಎಂದು ಬಿಗಿ ಮಾಡಿದರು. ಗುಬ್ಬಿಮರಿಯ ಕೂಗು ನವಿಲಿನ ಕೂಗಾಯಿತು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು, "ಏನಮ್ಮ, ಮೆಕ್ಯಾನಿಕ್ ಸಿಗ್ಲಿಲ್ವಾ?" ಅಂದರು. "ಸಿಕ್ಕಿದ್ರು ಅಂಕಲ್, ಅದಕ್ಕೇ ಹಿಂಗಾಗಿರೋದು" ಎಂದ ಮಿಸ್ ಬೆಲ್ಟನ್ನು ಮೊದಲಿನಂತೆ ಸಡಿಲಿಸಿದರು.

ಆಮೇಲೆ ಕುಡಿಯುವ ನೀರಿನ ಬಾಟಲಿ ತಂದು, ಎಂಜಿನ್ ಓಡುತ್ತಿರುವಾಗ ದೂರದಿಂದಲೇ ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದರು. ಸದ್ದು ತಟ್ಟನೆ ನಿಂತಿತು. ನಾವು ಚಪ್ಪಾಳೆ ತಟ್ಟುವುದರಲ್ಲಿದ್ದೆವು. ನೀರು ಆರುತ್ತಲೇ ಕೀಚ್ ಕೀಚ್ ಮತ್ತೆ ಶುರುವಾಯಿತು.

"ಹಾಗಾದ್ರೆ ಸದ್ದು ಎಂಜಿನ್ ಹೊಟ್ಟೆಯಿಂದ ಬರ್ತಿಲ್ಲ. ಬೆಲ್ಟಿಂದಾನೇ" ಎಂದರು ಮಿಸ್. "ಆದ್ರೆ ಹೊಸ ಬೆಲ್ಟ್ ಯಾಕೆ ಕೂಗತ್ತೆ?"

ನನಗೆ ಆಗ ಊರಿನ ಮನೆಯ ಪಡಸಾಲೆ ಕಣ್ಣಮುಂದೆ ಬಂತು. ಅವ್ವ ಹೊಲಿಗೆ ಮಷೀನು ತುಳಿಯುತ್ತಿದ್ದವಳು.

"ಮಿಸ್, ನಮ್ಮವ್ವನ ಮಷೀನಿನ ಬೆಲ್ಟೂ ಒಮ್ಮೊಮ್ಮೆ ಹಿಂಗ ಚೀರತಿತ್ರಿ. ಮ್ಯಾಲಿನ ಗಾಲಿ, ಕೆಳಗಿನ ಗಾಲಿ ಒಂದ ಸಾಲಿನ್ಯಾಗ ಇರಲಿಲ್ಲಂದ್ರ ಬೆಲ್ಟು ವಾರಿ ಆಗಿ ತಿಕ್ಕತಿತ್ತು. ಅವ್ವ ಗಾಲಿ ಸರಿಸಿ ಸೀದಾ ಮಾಡಾಕಿ."

ಮಿಸ್ ನನ್ನನ್ನೇ ನೋಡಿದರು. ಆಮೇಲೆ ಎಂಜಿನ್ ಆಫ್ ಮಾಡಿ, "ದಾರ ಯಾರ ಹತ್ರ ಇದೆ?" ಅಂದರು. ವಿಮಲಾ ಆಂಟಿಯ ಚೀಲದಲ್ಲಿ ಹೂ ಕಟ್ಟುವ ದಾರದ ಉಂಡೆ ಇತ್ತು. ಬೆಲ್ಟು ಸುತ್ತುವ ಚಕ್ರಗಳು ಮೂರು: ಕೆಳಗೆ ಎಂಜಿನ್ನಿನದು, ಮೇಲೆ ಫ್ಯಾನಿನದು, ಪಕ್ಕದಲ್ಲಿ ಡೈನಮೊದ್ದು. ನಾನು ಒಂದು ತುದಿ ಹಿಡಿದೆ, ಆಂಟಿ ಇನ್ನೊಂದು. ಬಿಗಿಯಾಗಿ ಎಳೆದ ದಾರ ಕೆಳಗಿನ ಚಕ್ರಕ್ಕೂ ಫ್ಯಾನಿನ ಚಕ್ರಕ್ಕೂ ಅಂಟಿಕೊಂಡು ನಿಂತಿತು. ಡೈನಮೊದ ಚಕ್ರದ ಹತ್ತಿರ ಮಾತ್ರ ದಾರಕ್ಕೂ ಚಕ್ರಕ್ಕೂ ನಡುವೆ ಬೆಳಕು ಕಾಣಿಸುತ್ತಿತ್ತು. ಅದು ಸ್ವಲ್ಪ ಒಳಕ್ಕೆ ಕೂತಿತ್ತು.

ಮಿಸ್ ಬಗ್ಗಿ, ಡೈನಮೊ ಹಿಡಿದ ಬೋಲ್ಟುಗಳನ್ನು ಬೆರಳಿನಿಂದ ತಡವಿ ನೋಡಿದರು. ಒಂದರ ಹಿಂದೆ ದಪ್ಪನೆಯ ವಾಷರ್ ಇತ್ತು. ಇನ್ನೊಂದರ ಹಿಂದೆ, ವಾಷರ್ ಕೂತಿದ್ದ ಜಾಗದ ಗುಂಡಗಿನ ಗುರುತು ಮಾತ್ರ ಉಳಿದಿತ್ತು. ಡೈನಮೊ ಬಿಚ್ಚಿದ ಕೈ ಅದನ್ನು ವಾಪಸು ಹಾಕಿರಲಿಲ್ಲ.

ಮಿಸ್ ನೆಟ್ಟಗೆ ನಿಂತು ಕೈ ಒರೆಸಿಕೊಂಡರು. "ವಿಮಲಾ, ಗಾಡಿ ನೀವೇ ಓಡ್ಸಿ."

"ಎಲ್ಲಿಗೆ ಮಿಸ್?"

"ಗ್ಯಾರೇಜಿಗೆ."

ದಾರಿಯುದ್ದಕ್ಕೂ ಕಾರು ಕೀಚುಗುಟ್ಟಿತು. ಆಂಟಿ ಗೇರು ಮಾತ್ರ ಒಮ್ಮೆಯೂ ಕೆರೆಯಲಿಲ್ಲ. ಗ್ಯಾರೇಜಿನ ಬಾಗಿಲಿಗೆ ಸರಿಯಾಗಿ ಅಡ್ಡ ನಿಲ್ಲಿಸಲು ಮಿಸ್ ಹೇಳಿದರು. ಒಳಗಿನ ಗಾಡಿ ಹೊರಗೆ ಬರುವಂತಿಲ್ಲ, ಹೊರಗಿನದು ಒಳಗೆ ಹೋಗುವಂತಿಲ್ಲ. ಯಜಮಾನ ಓಡಿ ಬಂದ. ಮಿಸ್ ಬಾನೆಟ್ಟು ಎತ್ತಿ ಖಾಲಿ ಗುರುತು ತೋರಿಸಿದರು. ಅವನು ಬಗ್ಗಿ ನೋಡಿ, ನಕ್ಕು, "ಓ, ವಾಷರ್ರಾ! ಅಷ್ಟೇನಾ? ಈಗ್ಲೇ ಹಾಕ್ಕೊಡ್ತೀನಿ ಬಿಡಿ ಮೇಡಂ, ದುಡ್ಡೇನೂ ಬೇಡ" ಅಂದ. ಹಾಕಿಯೂ ಹಾಕಿದ. ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಗುರುಗುರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಆಯ್ತಲ್ಲ ಮೇಡಂ, ಗಾಡಿ ತೆಗೀರಿ."

"ಗಾಡಿ ಆಯ್ತು. ಮಾತು ಬಾಕಿ ಇದೆ. ನಿನ್ನೆ ಏನಂದ್ರಿ ನೀವು? ಯಾರು ಓಡ್ಸಿ ಹಾಳಾಯ್ತು ಅಂದ್ರಿ?"

"ಅಯ್ಯೋ, ಬಾಯ್ಮಾತಿಗೆ ಅಂದಿದ್ದು..."

"ಬಾಯಲ್ಲೇ ವಾಪಸ್ ತಗೊಳಿ."

ಅವನು ಒಳಗೆ ಹೋದ. ನಾವು ಕಾರಿನಲ್ಲಿ ಕೂತೆವು. ಮಿಸ್ ಫ್ಲಾಸ್ಕು ತೆಗೆದು ಮೂವರಿಗೂ ಕಾಫಿ ಬಗ್ಗಿಸಿದರು. ಒಳಗಿದ್ದ ಟ್ಯಾಕ್ಸಿಯವನು ಹಾರ್ನ್ ಹೊಡೆದ, ಹೊರಗೆ ಬಂದಿದ್ದ ವ್ಯಾನಿನವನು ಹೊಡೆದ. ಜನ ಸೇರಿದರು. ಮನೆಯಲ್ಲಿ ಮಾವನ ಊಟಕ್ಕೆ ಹೊತ್ತಾಗುತ್ತಿತ್ತು. ಇಳಿದು ಹೋಗುವ ಮನಸ್ಸು ಮಾತ್ರ ಬರಲಿಲ್ಲ. ಕೊನೆಗೆ ಯಜಮಾನ ಹೊರಬಂದು ಕಿಟಕಿಯಲ್ಲಿ ತಲೆ ಹಾಕಿ ಮಿಸ್‌ಗೆ ಹೇಳಿದ: "ಆಯ್ತು ತಾಯಿ. ನಮ್ದೇ ಮಿಸ್ಟೇಕು."

"ನಂಗಲ್ಲ. ಅವ್ರಿಗೆ ಹೇಳಿ."

ಅವನು ಸ್ಟೇರಿಂಗ್ ಹಿಡಿದು ಕೂತಿದ್ದ ವಿಮಲಾ ಆಂಟಿಯನ್ನು ನೋಡಿದ. "ನಿಮ್ಮಿಂದ ಏನೂ ಆಗಿಲ್ಲ ಆಂಟಿ. ನಮ್ ಕೈಯಲ್ಲೇ ಬಿಟ್ಟೋಗಿತ್ತು."

ಆಂಟಿಗೆ 'ಪರವಾಗಿಲ್ಲ' ಅನ್ನುವ ಚಾಳಿ. ಅವರ ತುಟಿ ಅಲುಗಿದ್ದನ್ನು ಕಂಡು ಮಿಸ್ ಕಣ್ಣಲ್ಲೇ ಗದರಿದರು. ಆಂಟಿ ತುಟಿ ಮುಚ್ಚಿ, ಫಸ್ಟ್ ಗೇರ್ ಹಾಕಿದರು.

ಆ ಭಾನುವಾರ ಮೂರ್ತಿಯವರು ಕಾರು ಕೊಳ್ಳುವವನನ್ನು ಕರೆದುಕೊಂಡೇ ಬಂದರು. ಮಿಸ್ ಅವನನ್ನು ಬೈಯಲಿಲ್ಲ. ಮರ್ಯಾದೆಯಿಂದ ಹಿಂದಿನ ಸೀಟಿನಲ್ಲಿ ಕೂರಿಸಿ, ವಿಮಲಾ ಆಂಟಿಯ ಕೈಯಲ್ಲಿ ಜಯನಗರ ನಾಲ್ಕನೇ ಬ್ಲಾಕೆಲ್ಲ ಸುತ್ತಿಸಿ, ವಾಪಸು ಮನೆ ಬಾಗಿಲಿಗೆ ತಂದು ಇಳಿಸಿದರು. "ಗಾಡಿ ಸಖತ್ತಾಗಿದೆ ಮೇಡಂ" ಅಂದ ಅವನು. "ಅದಕ್ಕೇ ಮಾರಲ್ಲ" ಅಂದರು ಮಿಸ್. ಮೂರ್ತಿಯವರು ಸ್ಕೂಟರ್ ಒದ್ದು ಸ್ಟಾರ್ಟ್ ಮಾಡಿ ಹೊರಟರು.

ನಾನು ಲೈಸೆನ್ಸ್ ತೆಗೆದುಕೊಂಡೆ. ಮಾವನನ್ನು ಎಷ್ಟೋ ಸಲ ನಾನೇ ಆಸ್ಪತ್ರೆಗೆ ಕರೆದೊಯ್ದೆ. ನಾವು ಅರೆಕೆರೆಗೆ ಮನೆ ಬದಲಾಯಿಸಿದ ಮೇಲೆ ಮಿಸ್ ಭೇಟಿ ಅಪರೂಪವಾಯಿತು. ಕೆಲವು ವರ್ಷಗಳ ನಂತರ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಎದುರಿನ ಬಸ್ಸಿನ ನಂಬರು ಮಸುಕಾಗಿ ಕಂಡ ದಿನವೇ ಸ್ಕೂಲು ಮುಚ್ಚಿ ಕಾರು ಮಾರಿದರು. ನಾನು ನೋಡಲು ಹೋಗಿ ಮುಖ ಸಣ್ಣಗೆ ಮಾಡಿಕೊಂಡಾಗ ಗದರಿಸಿದರು: "ಯಾರೋ ಮಾರು ಅಂದಿದ್ದಕ್ಕೆ ಮಾರಿಲ್ಲ ಕಣಮ್ಮ. ನನಗೆ ಮಾರ್ಬೇಕು ಅನ್ಸಿದಾಗ ಮಾರಿದೀನಿ. ಅಳೋ ಹಾಗಿದ್ರೆ ಹೊರಗೆ ಹೋಗಿ ಅಳಿ, ಇಲ್ಲ ಕೂತ್ಕೊಂಡು ಉಪ್ಪಿಟ್ಟು ತಿನ್ನಿ." ನಾನು ಕೂತು ಉಪ್ಪಿಟ್ಟು ತಿಂದೆ. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಸುದ್ದಿಯನ್ನು ವಿಮಲಾ ಆಂಟಿ ಫೋನಿನಲ್ಲಿ ತಿಳಿಸಿದರು. ನಾನು ತಲುಪುವಷ್ಟರಲ್ಲಿ ಆ ಬೀದಿಯ ಎರಡೂ ಬದಿ ಕಾರುಗಳಿಂದ ತುಂಬಿತ್ತು. ಒಂದೊಂದರಿಂದಲೂ ಒಬ್ಬೊಬ್ಬ ಹೆಂಗಸು ಇಳಿಯುತ್ತಿದ್ದಳು. ಎಷ್ಟೋ ಮುಖಗಳು ನನಗೆ ಗೊತ್ತಿರಲಿಲ್ಲ. ಎಲ್ಲರೂ ಅವರ ಹತ್ತಿರ ಕಲಿತವರು.

ಮಿಸ್ ದೇಹವನ್ನು ಸ್ಮಶಾನಕ್ಕೆ ಹೊರಡುವ ವ್ಯಾನಿಗೆ ಏರಿಸಿದರು. ನಾವೂ ಹಿಂದೆಯೇ ಹೊರಟದ್ದನ್ನು ನೋಡಿ ಮೂರ್ತಿಯವರು ಅಡ್ಡ ಬಂದರು. ಅವರಿಗೂ ವಯಸ್ಸಾಗಿತ್ತು, ಕೈಯಲ್ಲಿ ಕೋಲು.

"ಹೆಂಗಸರು ಅಲ್ಲಿಗೆಲ್ಲ ಬರೋ ಪದ್ಧತಿ ಇಲ್ಲಮ್ಮ. ನೀವೆಲ್ಲ ಮನೆಗೆ ಹೋಗಿ."

ಒಬ್ಬೊಬ್ಬರಾಗಿ ಕಾರು ಹತ್ತಿದೆವು, ಸ್ಟಾರ್ಟ್ ಮಾಡಿದೆವು. ವ್ಯಾನು ನಿಧಾನವಾಗಿ ಮುಂದಕ್ಕೆ ಚಲಿಸಿತು. ಎಲ್ಲರಿಗಿಂತ ಮೊದಲು ಅದರ ಹಿಂದೆ ಹೊರಟದ್ದು ವಿಮಲಾ ಆಂಟಿಯ ಕಾರು. ವ್ಯಾನಿನಲ್ಲಿ ಜಾಗ ಸಾಲದೆ ಮನೆಯ ಹಿರಿಯ ಗಂಡಸರು ಬೀದಿಯಲ್ಲೇ ನಿಂತಿದ್ದರು. ಆಟೊ ಹುಡುಕಲು ಹೋದವರು ಇನ್ನೂ ಬಂದಿರಲಿಲ್ಲ.

ನಾನು ಮೂರ್ತಿಯವರ ಪಕ್ಕ ಕಾರು ನಿಲ್ಲಿಸಿ, ಕೈ ಚಾಚಿ ಎಡಗಡೆಯ ಬಾಗಿಲು ತೆರೆದೆ. ಅವರು ದೂರವಾಗುತ್ತಿದ್ದ ವ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೋಲನ್ನು ಒಳಗಿಟ್ಟು, ಪಂಚೆ ಮೇಲೆತ್ತಿಕೊಂಡು, ನನ್ನ ಪಕ್ಕದ ಸೀಟಿನಲ್ಲಿ ಕೂತರು.