ಕುಲ್ಪಾಶಳ ಔತಣದ ಕುರಿತಲೆ

ಕಜಕರ ನಾಡಿನ ಗಣಿ ಊರು ಕರಗಂಡಾದ ಆ ಹಳೆಯ ಕಟ್ಟಡದ ಅಂಗಳದಲ್ಲಿ ಕುಲ್ಪಾಶಳನ್ನು ಕೇಳದೆ ಒಂದು ಬೆಂಚೂ ಅಲ್ಲಾಡುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದ ಹೆಂಗಸು. ಮೇಲಿನಿಂದ ಕೂಗಿ ಕೂಗಿ ಬೆಳೆದ ಗಂಟಲು ನಿವೃತ್ತಿಯಾದ ಮೇಲೂ ಇಳಿಯಲಿಲ್ಲ. ಪ್ರತಿ ಮೇ ಒಂದರಂದು ಅಲ್ಲಿ ಸಕಲ ಜನಾಂಗಗಳ ಔತಣ ನಡೆಯುತ್ತಿದ್ದುದೂ ಅವಳ ಹಟದಿಂದಲೇ. ಕೊರಿಯಾದವರು, ಚೆಚೆನ್ನರು, ಜರ್ಮನ್ನರು, ಉಕ್ರೇನಿನವರು... ಅವರ ಅಜ್ಜಂದಿರನ್ನೆಲ್ಲ ಗಡೀಪಾರಿನ ಕಾಲದಲ್ಲಿ ಯಾವ್ಯಾವುದೋ ರೈಲು ತಂದು ಈ ಬಯಲಿಗೆ ಸುರಿದಿತ್ತು. ಎಲ್ಲರೂ ತಮ್ಮ ತಮ್ಮ ಅಡುಗೆ ತಂದು, ತಮ್ಮ ಉಡುಪು ತೊಟ್ಟು, ತಮ್ಮ ಭಾಷೆಯಲ್ಲೇ ಹರಸಿ ಕೂರಬೇಕು. ಅಂಗಡಿಯ ಕೇಕ್ ತಂದವರಿಗೆ ಎಲ್ಲರೆದುರೇ ಮಂಗಳಾರತಿ.

ಕುರಿ ಮಾತ್ರ ಅವಳದು. ಬೇಯಿಸಿದ ತಲೆಯನ್ನು ಹಿರಿಯ ಗಂಡಸಿನ ಮುಂದಿಟ್ಟು ಚಾಕು ಕೊಡುವುದು ಕಜಕರ ಮರ್ಯಾದೆ. ಅವನು ಮೊದಲು ಕಿವಿ ಕೊಯ್ದು ಮಕ್ಕಳಿಗೆ ಕೊಡಬೇಕು, ಹೇಳಿದ ಮಾತು ಕೇಳಲಿ ಎಂದು. ಆದರೆ ತಂದೆ ಬದುಕಿರುವವನು ಆ ಚಾಕು ಮುಟ್ಟಬಾರದು. ಮುಟ್ಟಿದರೆ ಹೆತ್ತಪ್ಪನ ಸಾವು ಬಯಸಿದ ಹಾಗೆ. ಇಷ್ಟು ವರ್ಷ ತಲೆ ಸಲ್ಲುತ್ತಿದ್ದುದು ಜರ್ಮನ್ ಮುದುಕ ಎಮಿಲನಿಗೆ. ಎಮಿಲ್ ಈ ಚಳಿಗಾಲ ದಾಟಲಿಲ್ಲ.

"ಇನ್ನು ನಿನ್ನ ಮಗನೇ ಇಲ್ಲಿಗೆ ಹಿರಿಯ," ಎಂದಳು ಎದುರು ಮನೆಯ ಕೊರಿಯನ್ ಗೆಳತಿ ವೇರಾ, ಕ್ಯಾರೆಟ್ ಹೆಚ್ಚುತ್ತಾ. "ನಮ್ಮ ಗಂಡಂದಿರನ್ನೆಲ್ಲ ಗಣಿ ನುಂಗ್ತು, ನಿನ್ನೋನನ್ನ ಹಿಮ ನುಂಗ್ತು. ಯೆರ್ಸಾಯಿನ್‌ಗೇ ಕೊಡೇ ತಲೆನ. ಅಪ್ಪ ಇಲ್ಲದ ಹುಡುಗ, ಅಡ್ಡಿ ಏನು?"

ಅಡ್ಡಿ ಇತ್ತು. ಅಪ್ಪ ತೊಕ್ತಾರ್ ಸತ್ತಿರಲೇ ಇಲ್ಲ! ಕೂಸು ತೊಟ್ಟಿಲಲ್ಲಿರುವಾಗಲೇ ಆ ಮಹಾನುಭಾವ ಬೇಕರಿಯ ಹೆಂಗಸೊಬ್ಬಳ ಜೊತೆ ದೂರದ ಬಾಲ್ಖಾಶ್ ಊರಿಗೆ ಓಡಿಹೋಗಿದ್ದ. ಗಂಡ ಬಿಟ್ಟವಳು ಅನ್ನಿಸಿಕೊಳ್ಳಲಾರದೆ ಕುಲ್ಪಾಶ್ ಊರು ಬದಲಿಸಿ, ಹಿಮದಲ್ಲಿ ಲಾರಿ ಮಗುಚಿ ಸತ್ತ ಎಂದು ಇಲ್ಲಿ ಸಾರಿದಳು. ಬಾಯಿಮಾತಲ್ಲಿ ಸಾರಿ ಸುಮ್ಮನಾಗಲೂ ಇಲ್ಲ. ಶುಕ್ರವಾರ ತಪ್ಪದೆ ಸತ್ತವರ ಹೆಸರಿನ ರೊಟ್ಟಿ ಕರಿದು ಮನೆಮನೆಗೆ ಹಂಚಿದಳು, ಮಗನಿಗೂ ತಿನ್ನಿಸಿದಳು. ಈಗ ಅದೇ ಮಗನ ಕೈಗೆ ಚಾಕು ಕೊಡುವುದು ಹೇಗೆ? ಕೊಡದಿದ್ದರೆ ಯಾಕೆಂದು ಅಂಗಳವೆಲ್ಲ ಕೇಳುವುದಿಲ್ಲವೆ? ಹಬ್ಬದವರೆಗೂ ಅವಳಿಗೆ ಊಟ ಸೇರಲಿಲ್ಲ. ಕೊನೆಗೆ, ಬಿಟ್ಟು ಓಡಿದವನ ಆಯುಸ್ಸಿನ ಉಸಾಬರಿ ನನಗ್ಯಾಕೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಮಗನಿಗೆ ಮಾತ್ರ ಏನೂ ಹೇಳಲಿಲ್ಲ.

ಹಬ್ಬದ ದಿನ ಹಾರೈಕೆಗಳೆಲ್ಲ ಮುಗಿದವು, ಅಕಾರ್ಡಿಯನ್ ನಿಂತಿತು. ಕುಲ್ಪಾಶ್ ಹಬೆಯಾಡುವ ತಟ್ಟೆ, ಚಾಕು ಹಿಡಿದು ಬಂದು ಯೆರ್ಸಾಯಿನ್ ಮುಂದಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಯೆರ್ಸಾಯಿನ್ ಎದ್ದು ನಿಂತ. ಕೆನ್ನೆಗೂದಲಲ್ಲಿ ಆಗಲೇ ನರೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಮೆಲ್ಲಗೆ ತಾಯಿಯ ಕಡೆಗೇ ಸರಿಸಿದ.

"ನಾನು ಇದಕ್ಕೆ ಚಾಕು ಹಾಕಲ್ಲಮ್ಮ."

"ಯಾಕೋ, ಏನ್ ಬಂತೋ ನಿಂಗೆ? ಜನ ನೋಡ್ತಿದಾರೆ, ಹಿಡಿ!"

"ಅಪ್ಪ ಬದುಕಿದಾರೆ."

ವೇರಾಳ ಚಮಚ ಕೈಜಾರಿ ಬಿತ್ತು.

"ಬದುಕಿದಾನಾ? ಅಯ್ಯೋ ದೇವರೇ! ಹಾಗಿದ್ರೆ ಶುಕ್ರವಾರ ಶುಕ್ರವಾರ ನಾನು ತಿಂದಿದ್ದು ಯಾರ ರೊಟ್ಟಿನೇ?"

ಯಾರೂ ನಗಲಿಲ್ಲ. ಕುಲ್ಪಾಶ್ ತಟ್ಟೆಯಿಂದ ಕಣ್ಣೆತ್ತಿ ಮಗನನ್ನೇ ನೋಡಿದಳು.

"ನಿಂಗೆ... ಯಾವಾಗಿಂದ ಗೊತ್ತು?"

"ಸೈನ್ಯದಲ್ಲಿದ್ದಾಗಿಂದ. ಬಾಲ್ಖಾಶ್ ಹತ್ರ ಹಾಕಿದ್ರಲ್ಲ, ಅಪ್ಪನೇ ಹುಡುಕ್ಕೊಂಡು ಬಂದ್ರು."

"ಇಷ್ಟು ವರ್ಷ ಬಾಯಿ ಬಿಡಲಿಲ್ವಲ್ಲೋ, ಪಾಪಿ!"

"ನೀನು ರೊಟ್ಟಿ ಕರೀತಾ ಇದ್ದೆ, ನಾನು ತಿಂತಾ ಇದ್ದೆ. ಹಂಗಾದ್ರೂ ನಿಂಗೆ ನೆಮ್ಮದಿ ಇದ್ರೆ ಇರ್ಲಿ ಅಂದ್ಕೊಂಡೆ." ಅವನು ತಟ್ಟೆಯನ್ನು ಇನ್ನಷ್ಟು ಆಚೆ ಸರಿಸಿದ. "ಇದೊಂದು ಮಾತ್ರ ಕೇಳ್ಬೇಡಮ್ಮ. ಅವರು ಎಂಥವರೇ ಆಗಿರ್ಲಿ, ನನ್ನ ಕೈಯಿಂದ ಅವರ ಸಾವು ಬೇಡ."

ಗುಟ್ಟು ರಟ್ಟಾಯಿತೆಂಬ ಸಂಕಟ ಅವಳಿಗೆ ಆಗ ತಟ್ಟಲೇ ಇಲ್ಲ. ಶುಕ್ರವಾರಗಳಂದು ಎದುರು ಕೂತು, ಎಲ್ಲ ಗೊತ್ತಿದ್ದೂ, "ಇನ್ನೊಂದು ಕೊಡಮ್ಮ" ಎನ್ನುತ್ತಿದ್ದ ಮುಖವೇ ಕಣ್ಣಿಗೆ ಕಟ್ಟಿತು. ಅಂಥವನ ಕೈಗೆ ತಾನು ಚಾಕು ಕೊಡಲು ಬಂದಿದ್ದಳು! ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅವಳು ಚಾಕು ಎತ್ತಿಕೊಂಡಳು. ವೇರಾ ಹೆದರಿ ಅವಳ ತೋಳು ಹಿಡಿದಳು.

"ಬಿಡೇ. ನಮ್ಮಪ್ಪ ಹೋಗಿ ಎಷ್ಟೋ ಕಾಲ ಆಯ್ತು, ನಾನು ಕೊಯ್ಯಬಹುದು." ಆಮೇಲೆ ಅದೇ ಹಳೆಯ ಗಂಟಲಲ್ಲಿ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು. "ಕೇಳ್ರಪ್ಪಾ! ನನ್ನ ಗಂಡ ಸತ್ತಿಲ್ಲ. ನನ್ನ ಬಿಟ್ಟು ಓಡಿಹೋದ. ನಾನೇ ಸುಳ್ಳು ಹೇಳಿದ್ದು. ಆಯ್ತಾ? ಈಗ ಉಣ್ಣಿ, ಎಲ್ಲ ಆರಿಹೋಗ್ತಿದೆ."

ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಅವಳು ಕುರಿಯ ಕಿವಿಯನ್ನು ಕೊಯ್ದು, ಮಗನ ಬಾಯಿಯ ಹತ್ತಿರ ಹಿಡಿದಳು.

"ಬಾಯಿ ತೆಗಿ. ಅಪ್ಪ ಇರೋ ತನಕ ನೀನು ಮಕ್ಕಳ ಸಾಲಿನೋನೇ."

ಎಲ್ಲರೂ ನೋಡುತ್ತಿದ್ದಂತೆ ಆ ನರೆತ ಮಗ ಬಾಯಿ ತೆರೆದ.