ನೆಲವೇ ಡೊಂಕು ಎನ್ನುವ ಉನೈಸಿ

ದ್ವೀಪಗಳ ನಾಡಿನ ಸುವಾ ಪಟ್ಟಣಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾತ್ರಿಯಿಡೀ ಹೊಯ್ದ ಮಳೆ ಈಗ ಹನಿಗೆ ಇಳಿದಿದೆ. ಮೊದಲ ಬಸ್ಸಿನಿಂದ ಇಳಿದ ಉನೈಸಿ, ಒಂದು ಕೈಯಲ್ಲಿ ಉಟ್ಟ ಸುಲುವಿನ ಅಂಚನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತೆಂಗಿನ ಹಾಲಿನ ಬನ್ನುಗಳ ಪೊಟ್ಟಣವನ್ನು ಎದೆಗವಚಿಕೊಂಡು ರಸ್ತೆಯ ನೀರು ದಾಟುತ್ತಾರೆ. ಮೀನು ಬಲೆ ಮಾರುವ ಅಂಗಡಿಯ ಮೇಲಿನ ಮಹಡಿಯೇ ಅವರ ಕಚೇರಿ. ಬಾಗಿಲು ತೆಗೆದು, ನಿಂಬೆ ಎಲೆ ಹಾಕಿ ಚಹಾಕ್ಕೆ ನೀರಿಟ್ಟು, ಕಂಪ್ಯೂಟರಿನ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಏರಿಸುತ್ತಾರೆ. ನೀರು ಕುದಿಯುವ ಮೊದಲೇ ಫೋನು ಬರುತ್ತದೆ.

"ಬುಲಾ, ನಮಸ್ಕಾರ ಆಂಟಿ. ಇಷ್ಟೊತ್ತಿಗೇ ತೊಂದ್ರೆ ಕೊಡ್ತಿದೀನಿ, ಬೇಜಾರಾಗ್ಬೇಡಿ. ತಪ್ಪು ನಂದೇ ಇರ್ಬೇಕು."

"ಹೇಳು ರೀನಲ್. ತಿಂಡಿ ಆಯ್ತಾ?"

"ಎಲ್ಲಿ ತಿಂಡಿ ಆಂಟಿ. ಎರಡು ದಿನದ ಕೆಲಸ ಹೋಯ್ತು. ಮತ್ತೆ ಅದೇ ಬಾಣ ಒತ್ಬಿಟ್ಟೆ. ನಂಗೆ ಇದು ಆಗಿಬರಲ್ಲ ಬಿಡಿ. ಇಲ್ಲಿ ಬಟ್ಟೆ ಅಂಗಡೀಲಿ ಜಾಗ ಇದೆಯಂತೆ, ಸೋಮವಾರದಿಂದ ಹೋಗ್ತೀನಿ."

ರೀನಲ್ ಇರುವುದು ಸಮುದ್ರದ ಆಚೆ, ಲಂಬಾಸದಲ್ಲಿ. ಕಬ್ಬಿನ ಲಾರಿಗಳು ಕಾರ್ಖಾನೆಯ ಮುಂದೆ ಹಗಲೆಲ್ಲ ಕಾಯದೆ ಸರದಿ ಹಿಡಿಯಲೆಂದು ಪ್ರೋಗ್ರಾಂ ಬರೆಯುತ್ತಿರುವ ಹುಡುಗಿ. ಅವಳಪ್ಪ ಮುನ್ಸಾಮಿಯೂ ಅಂಥದೇ ಲಾರಿಯಲ್ಲಿ ಕಾದು ಕಾದು ತಲೆ ನೆರೆಸಿಕೊಂಡವರು. ಅವರಿಗಾಗಿಯೇ ಈ ಕೆಲಸ ಹಿಡಿದವಳು ಈಗ ಸೀರೆ ಮಡಿಸಲು ಹೊರಟಿದ್ದಾಳೆ ಎಂದರೆ ಉನೈಸಿಗೆ ಒಲೆಯ ಮೇಲಿನ ಚಹಾ ಮರೆತೇಹೋಗುತ್ತದೆ. "ಇಸಾ" ಎಂದು ಮರುಗುತ್ತಾರೆ. ಈ ದ್ವೀಪಗಳಲ್ಲಿ ಅಯ್ಯೋ ಪಾಪ ಎನ್ನುವುದಕ್ಕೆ ಅದೊಂದೇ ಮಾತು.

"ಸೋಮವಾರದ ತನಕ ಆ ಅಂಗಡಿಯೋರಿಗೆ ಏನೂ ಹೇಳ್ಬೇಡ. ನನ್ನ ಮಾತು ನಡೆಸ್ಕೊಡ್ತೀಯಾ?"

"ನಿಮಗೋಸ್ಕರ ಅಷ್ಟೇ ಆಂಟಿ."

ಉನೈಸಿ ಕೆಲಸ ಮಾಡುವ ಈ ಪುಟ್ಟ ಕಂಪನಿ ತಯಾರಿಸುವುದು ಒಂದೇ ಒಂದು ಸಾಫ್ಟ್‌ವೇರ್. ಹೆಸರು 'ವಾಂಗ', ಎಂದರೆ ದೋಣಿ. ಬೇರೆ ಬೇರೆ ದ್ವೀಪಗಳಲ್ಲಿ ಕೂತು ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನು ಒಂದು ಸಾಮಾನ್ಯ ಉಗ್ರಾಣಕ್ಕೆ ಕಳಿಸುವುದು, ಅಲ್ಲಿಂದ ತರಿಸಿಕೊಳ್ಳುವುದು ಇದರ ಮೂಲಕ. ಪರದೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ನೀಲಿ ಬಾಣಗಳಿವೆ. ಒಂದು ನಿಮ್ಮ ಕೆಲಸವನ್ನು ಉಗ್ರಾಣಕ್ಕೆ ಒಯ್ಯುತ್ತದೆ. ಇನ್ನೊಂದು ಉಗ್ರಾಣದ ಹಳೆಯ ಪ್ರತಿಯನ್ನು ತಂದು ನಿಮ್ಮ ಹೊಸ ಕೆಲಸದ ಮೇಲೆ ಸುರಿದುಬಿಡುತ್ತದೆ. ಯಾವುದನ್ನು ಒತ್ತಿದರೂ ಬರುವ ಪ್ರಶ್ನೆ ಒಂದೇ: 'ಮುಂದುವರಿಯಲೇ?' ಕೆಲಸ ಮುಗಿಸಿ ಮನೆಗೆ ಹೊರಟವರು ಹೌದು ಎನ್ನದೆ ಇನ್ನೇನು ಅನ್ನುತ್ತಾರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉನೈಸಿಗೆ ಫೋನು ಮಾಡುವವರದು ಈ ಗಾದೆಯ ತಿರುವುಮುರುವು. ನೆಲ ನಿಜವಾಗಿಯೂ ಡೊಂಕಾಗಿದೆ, ಕುಣಿಯುವವರು ತಮ್ಮ ಕಾಲನ್ನೇ ಬೈದುಕೊಳ್ಳುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಕರೆ. ಅದರಲ್ಲಿ ಜಗಳಕ್ಕೆ ಬರುವವರು ಎಲ್ಲೋ ಒಬ್ಬಿಬ್ಬರು. "ಬೈಯೋರ ಚಿಂತೆ ನಂಗಿಲ್ಲ" ಎನ್ನುತ್ತಾರೆ ಉನೈಸಿ. "ಬೈದೋರು ಮಾರನೇ ದಿನ ಕೆಲಸಕ್ಕೆ ಬರ್ತಾರೆ. ನಾನು ದಡ್ಡಿ ಅಂತ ಸುಮ್ನೆ ಫೋನ್ ಇಡ್ತಾರಲ್ಲ, ಅವರು ಬರಲ್ಲ."

ಉನೈಸಿ ಹುಟ್ಟಿದ್ದು ಓವಲೌ ದ್ವೀಪದಲ್ಲಿ. ಹದಿನೆಂಟಕ್ಕೇ ಮೀನು ಡಬ್ಬಿಗೆ ತುಂಬುವ ಕೆಲಸ, ಆಮೇಲೆ ಸುವಾದ ಟೆಲಿಫೋನ್ ವಿನಿಮಯ ಕೇಂದ್ರ. ಅಲ್ಲಿ ಯಂತ್ರ ಬಂತು, ಹೆಂಗಸರೆಲ್ಲ ಮನೆಗೆ ಹೋದರು. ಹಡಗಿನ ಅಡುಗೆಯವನಾಗಿದ್ದ ಗಂಡ ತೀರಿಕೊಂಡದ್ದೂ ಅದೇ ವರ್ಷ. ಬಸ್ ನಿಲ್ದಾಣದಲ್ಲಿ ಬನ್ನು ಮಾರಿ ಎರಡು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದರು. ಈ ಕಚೇರಿಗೆ ಕಾಲಿಟ್ಟದ್ದೂ ಬನ್ನು ಮಾರಲೆಂದೇ. ಒಂದು ದಿನ ಎಲ್ಲರೂ ಮೀಟಿಂಗಿನಲ್ಲಿ ಮುಳುಗಿದ್ದಾಗ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹಳೆಯ ಚಾಳಿ, ಕೈ ತಾನಾಗಿ ಹೋಯಿತು. ಆ ಕಡೆಯವರ ಗೋಳನ್ನು ಪೂರ್ತಿ ಕೇಳಿದ ಮೊದಲ ವ್ಯಕ್ತಿ ಅವರೇ ಇರಬೇಕು, ಮಾರನೆಯ ದಿನವೂ ಜನ ಅವರನ್ನೇ ಕೇಳಿ ಫೋನು ಮಾಡಿದರು. ಇವತ್ತಿಗೂ ಕಂಪನಿಯ ಪಟ್ಟಿಯಲ್ಲಿ ಅವರ ಹೆಸರಿರುವುದು 'ಇತರೆ' ಎಂಬ ತಲೆಬರಹದ ಕೆಳಗೆ, ನೀರಿನ ಕ್ಯಾನಿನವನ ಜೊತೆ. ಹುಡುಗರಿಗೆಲ್ಲ ಮಾತ್ರ ಅವರು 'ನೇಯಿ', ಅಂದರೆ ಸೋದರತ್ತೆ.

ಆ ನೀಲಿ ಬಾಣಗಳನ್ನು ಬರೆದವನು ಕಿತಿಯೋನೆ. ಮೂವತ್ತರ ಆಸುಪಾಸಿನ, ತಲೆ ತಗ್ಗಿಸಿ ನಡೆಯುವ ಒಳ್ಳೆಯ ಹುಡುಗ. ರೀನಲ್‌ಳ ಸುದ್ದಿ ಹೇಳಿದಾಗ ಅವನ ಮುಖ ಸಣ್ಣಗಾಗುತ್ತದೆ.

"ನೇಯಿ, ಹತ್ತು ಜನರನ್ನ ಕೂರಿಸಿ ಪರೀಕ್ಷೆ ಮಾಡಿದೀನಿ. ಆ ಹುಡುಗೀನೂ ಬಂದಿದ್ಲು. ಎಲ್ಲರೂ ವಿನಾಕಾ, ಚೆನ್ನಾಗಿದೆ ಅಂದ್ರು."

"ನೀನೆಲ್ಲಿ ಕೂತಿದ್ದೆ?"

"ಅವರ ಪಕ್ಕದಲ್ಲೇ."

"ಮತ್ತೆ? ಅಡುಗೆ ಮಾಡಿದೋಳು ಸೌಟು ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ರೆ ಉಪ್ಪು ಜಾಸ್ತಿ ಅಂತ ಯಾರಾದ್ರೂ ಹೇಳ್ತಾರೇನೋ?"

ತಯಾರಿಸಿದವನ ಎದುರಿನಲ್ಲಿ ತಪ್ಪು ಎತ್ತಿ ಆಡುವುದು ಇಲ್ಲಿನವರ ರಕ್ತದಲ್ಲೇ ಇಲ್ಲ. ಹುಬ್ಬೇರಿಸಿ ಹೂಂ ಅನ್ನುತ್ತಾರೆ, ನಗುತ್ತಾರೆ, ಮನೆಗೆ ಹೋಗಿ ಹಣೆ ಚಚ್ಚಿಕೊಳ್ಳುತ್ತಾರೆ. ಆ ನಗುವನ್ನು ನಂಬಿ ಕಿತಿಯೋನೆ ಬಾಣಗಳನ್ನು ಇದ್ದ ಹಾಗೇ ಬಿಟ್ಟಿದ್ದಾನೆ. ಕೆಟ್ಟವರು ಯಾರೂ ಇಲ್ಲ, ಎಲ್ಲರ ಮರ್ಯಾದೆಯೇ ಎಲ್ಲರಿಗೂ ಮುಳುವಾಗಿದೆ.

ಇದಕ್ಕೆ ಮದ್ದೂ ಇಲ್ಲಿನವರಲ್ಲೇ ಇದೆ, ಉನೈಸಿ ಅದನ್ನೇ ಹುಡುಕಿ ತರುತ್ತಾರೆ. ಇಸೋವಾ ಎಂಬ ಇನ್ನೊಬ್ಬ ಪ್ರೋಗ್ರಾಂ ಬರೆಯುವವನಿದ್ದಾನೆ, ಐದಾರು ವರ್ಷದಿಂದ ವಾಂಗ ಬಳಸುತ್ತಿರುವವನು. ಅವನ ದ್ವೀಪದವರೂ ಕಿತಿಯೋನೆಯ ದ್ವೀಪದವರೂ ಒಂದೇ ಮೂಲದೈವದ ಒಕ್ಕಲು. ಅಂಥವರಿಗೆ 'ತೌವು' ಎನ್ನುತ್ತಾರೆ. ತೌವು ಆದವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹೀಯಾಳಿಸಬಹುದು, ಹಿತ್ತಲಿನ ಕೋಳಿಯನ್ನು ಹಿಡಿದೊಯ್ಯಬಹುದು. ಸಿಟ್ಟು ಮಾಡಿಕೊಂಡವನೇ ತಪ್ಪಿತಸ್ಥ. ಬುಧವಾರ ಬೆಳಗ್ಗೆ ಉನೈಸಿ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ನಡುವೆ ಕಂಪ್ಯೂಟರ್ ಇಟ್ಟು, ಬನ್ನಿನ ತಟ್ಟೆಯನ್ನು ಇಸೋವಾನ ಕಡೆ ಸರಿಸುತ್ತಾರೆ.

"ಇವನು ಮಾಡಿದ್ದನ್ನ ನೋಡಿ ಬಾಯಿಗೆ ಬಂದದ್ದು ಹೇಳು."

ಇಸೋವಾಗೆ ಎರಡನೆಯ ಸಲ ಹೇಳಬೇಕಾಗುವುದಿಲ್ಲ. "ಏನೋ ಇದು, ಎರಡಕ್ಕೂ ನೀಲಿ! ನಿಮ್ಮೂರಲ್ಲಿ ಬೇರೆ ಬಣ್ಣ ಮಳೇಲಿ ತೊಳ್ದು ಹೋಯ್ತಾ? 'ಮುಂದುವರಿಯಲೇ' ಅಂತೆ. ಎಲ್ಲಿಗೋ? ಬಾವಿಗಾ? ನಿಮ್ಮಜ್ಜ ಬಲೇನ ದಡದಲ್ಲೇ ಬಿಟ್ಟು ಮೀನಿಗೆ ಹೋಗ್ತಿದ್ನಂತೆ, ಮೊಮ್ಮಗ ಇನ್ನೇನು ಮಾಡ್ತಾನೆ!"

ಕಿತಿಯೋನೆ ಹೊಟ್ಟೆ ಹಿಡಿದು ನಗುತ್ತಾನೆ. ನಗುತ್ತಲೇ, "ಅಷ್ಟು ಕಷ್ಟ ಇದ್ರೆ ಇಷ್ಟು ವರ್ಷ ಹೆಂಗೋ ಬಳಸ್ದೆ?" ಎಂದು ತಿರುಗಿ ಕೇಳುತ್ತಾನೆ.

ಇಸೋವಾ ಬನ್ನು ಅಗಿಯುವುದನ್ನು ನಿಲ್ಲಿಸುತ್ತಾನೆ. "ನಂದೂ ಹೋಗಿದೆ ಮಾರಾಯ. ಒಂದ್ಸಲ ಅಲ್ಲ. ಯಾರಿಗೂ ಹೇಳ್ಲಿಲ್ಲ. ಇಷ್ಟು ಹಳಬನಾಗಿ ಒಂದು ಬಾಣ ಒತ್ತೋಕೆ ಬರಲ್ವಾ ಅಂತ ನಂಗೇ ನಾಚಿಕೆ."

ಕಿತಿಯೋನೆ ಅವತ್ತೇ ಕೆಲಸಕ್ಕೆ ಕೂರುತ್ತಾನೆ, ಗುರುವಾರ ಸಂಜೆ ಹೊಸ ಪರದೆಯೊಂದಿಗೆ ಏಳುತ್ತಾನೆ. ಬಾಣಗಳು ಹೋಗಿ 'ಕಳಿಸು', 'ತರಿಸು' ಎಂಬ ಮಾತುಗಳು ದೂರ ದೂರ ಕೂತಿವೆ. 'ತರಿಸು' ಒತ್ತಿದರೆ, ನಿಮ್ಮ ಇವತ್ತಿನ ಕೆಲಸ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬರುತ್ತದೆ.

"ಇದನ್ನ ರೀನಲ್‌ಗೆ ಮೇಲ್ ಮಾಡ್ಲಾ ನೇಯಿ?"

"ಮೇಲ್ ಮಾಡಿದ್ರೆ 'ಪರವಾಗಿಲ್ಲ ಸಾರ್' ಅಂತ ಬರೀತಾಳೆ, ಸೋಮವಾರ ಬಟ್ಟೆ ಅಂಗಡಿಗೆ ಹೋಗ್ತಾಳೆ. ತಪ್ಪಾದ್ರೆ ನಮ್ಮೋರು ಏನು ಮಾಡ್ತಾರೆ? ಯಾಂಗೋನ ಬೇರು ಹಿಡ್ಕೊಂಡು ಅವರ ಮನೆಗೇ ಹೋಗ್ತಾರೆ. ನಡಿ."

ಶುಕ್ರವಾರ ಬೆಳಗ್ಗೆ ಬಸ್ಸು, ಆಮೇಲೆ ಹಡಗು, ಮತ್ತೆ ಬಸ್ಸು. ಉನೈಸಿಯ ಮಂಡಿ ನೋವು ಹಡಗಿನ ಮೆಟ್ಟಿಲುಗಳಲ್ಲಿ ಬಾಯಿ ತೆರೆಯುತ್ತದೆ, ಉನೈಸಿ ತೆರೆಯುವುದಿಲ್ಲ. ಕಿತಿಯೋನೆಯ ತೊಡೆಯ ಮೇಲೆ ಕಾಗದದಲ್ಲಿ ಸುತ್ತಿದ ಯಾಂಗೋನ ಬೇರಿನ ಕಟ್ಟು; ಅರೆದು ಕುಡಿಯುವ ಈ ಬೇರನ್ನು ಮುಂದಿಟ್ಟೇ ಇಲ್ಲಿ ಕ್ಷಮೆ ಕೇಳುವುದು. ಮೂರು ಗಂಟೆಗೆ ಲಂಬಾಸದ ಹೊರವಲಯದ ತಗಡಿನ ಮನೆಯ ಮುಂದೆ ಇಬ್ಬರೂ ಚಪ್ಪಲಿ ಬಿಡುತ್ತಾರೆ.

ಮುನ್ಸಾಮಿಗೆ ಗಾಬರಿ. ಬೇರಿನ ಕಟ್ಟನ್ನು ಎದುರಿಗೆ ಇಟ್ಟು ಮಂಡಿಯೂರಿದವರನ್ನು ಕಂಡರೆ ಏನೋ ದೊಡ್ಡದೇ ಆಗಿದೆ ಎಂದು ಯಾರಿಗಾದರೂ ಅನಿಸುತ್ತದೆ. "ನಮ್ಮ ಹುಡುಗಿ ಏನಾದ್ರೂ ಹಾಳು ಮಾಡಿದ್ಲಾ ಅಮ್ಮ?"

"ಇಲ್ಲ ಅಣ್ಣ. ಹಾಳು ಮಾಡಿದ್ದು ನಾವು" ಎನ್ನುತ್ತಾರೆ ಉನೈಸಿ. ಕಿತಿಯೋನೆ ನೆಲ ನೋಡುತ್ತಾ, ತಾನು ಮಾಡಿದ ಪರದೆ ಸರಿಯಿರಲಿಲ್ಲ, ಅದರಿಂದ ಈ ಮನೆಯ ಮಗಳ ದುಡಿಮೆ ನೀರುಪಾಲಾಯಿತು, ಮನ್ನಿಸಬೇಕು ಎನ್ನುತ್ತಾನೆ. ಮುನ್ಸಾಮಿ ಕಟ್ಟನ್ನು ಮುಟ್ಟಿ, ಅಂಗೈ ಬಾಗಿಸಿ ಚಪ್ಪಾಳೆ ತಟ್ಟಿ ಒಪ್ಪಿಸಿಕೊಳ್ಳುತ್ತಾರೆ. ಈಗ ಎಲ್ಲರೂ ರೀನಲ್ ಕಡೆ ನೋಡುತ್ತಾರೆ.

"ಪರವಾಗಿಲ್ಲ ಸಾರ್" ಎನ್ನುತ್ತಾಳೆ ರೀನಲ್. "ನಾನೇ ಸರಿಯಾಗಿ ನೋಡ್ಲಿಲ್ಲ."

ಇಷ್ಟು ದೂರ ಬಂದು ಕೇಳಿದ್ದು ಇದನ್ನೇ! ಉನೈಸಿಗೆ ಅಳು ಬರುವುದೊಂದು ಬಾಕಿ. ಆದರೂ ಸಾವರಿಸಿಕೊಂಡು, "ಅಣ್ಣ, ಈ ಹುಡುಗನಿಗೆ ನಿಮ್ಮ ಲಾರಿ ತೋರಿಸಿ" ಎಂದು ಗಂಡಸರನ್ನು ಅಂಗಳಕ್ಕೆ ಅಟ್ಟುತ್ತಾರೆ. ರೀನಲ್‌ಳ ಕಂಪ್ಯೂಟರಿನಲ್ಲಿ ಹೊಸ ಪರದೆ ತೆರೆಸಿ, ಪಕ್ಕದಲ್ಲಿ ಕೂತು, ಅವಳ ಅಮ್ಮ ಕೊಟ್ಟ ರೊಟ್ಟಿ ಮುರಿಯುತ್ತಾ ಸುಮ್ಮನಾಗುತ್ತಾರೆ. ಚೆನ್ನಾಗಿದೆಯಾ ಎಂದು ಅಪ್ಪಿತಪ್ಪಿಯೂ ಕೇಳುವುದಿಲ್ಲ. "ಹಂಗೆ ಕೇಳಿದ್ರೆ ಚೆನ್ನಾಗಿದೆ ಅಂತಾರೆ" ಎಂಬುದು ಅವರು ಕಲಿತ ಪಾಠ.

ರೀನಲ್ ಒಂದಿಷ್ಟು ಬರೆಯುತ್ತಾಳೆ. ಕಳಿಸುತ್ತಾಳೆ. ಬೇಕೆಂದೇ 'ತರಿಸು' ಒತ್ತುತ್ತಾಳೆ, ಎಚ್ಚರಿಕೆ ಬರುತ್ತದೆ. ಅವಳ ಹುಬ್ಬು ಗಂಟಿಕ್ಕುತ್ತದೆ. ಪರದೆಯ ಮೂಲೆಮೂಲೆ ಹುಡುಕುತ್ತಾಳೆ.

"ಆಂಟಿ, ಒಂದು ಮಾತು ಹೇಳ್ಲಾ?"

"ಹೇಳು."

"ನಿಮಗಲ್ಲ." ಎದ್ದು ಕಿಟಕಿಗೆ ಹೋಗಿ ಸರಳು ಹಿಡಿದು ಕೂಗುತ್ತಾಳೆ. "ಕಿತಿಯೋನೆ ಅಣ್ಣಾ! ಇಲ್ಲಿ ಬನ್ನಿ ಸ್ವಲ್ಪ! ಅಳಿಸಿಹೋಗುತ್ತೆ ಅಂತ ಹೆದರಿಸ್ತೀರ, ಸರಿ. ಬೇಡ ಅನ್ನೋ ಗುಂಡಿ ಎಲ್ಲಿ ಬಚ್ಚಿಟ್ಟಿದೀರಿ? ಹೆದರ್ಕೊಂಡೋಳು ಎಲ್ಲಿಗೆ ಹೋಗ್ಬೇಕು? ಇದೇನು ಪರದೇನೋ ಇಲಿ ಬೋನೋ? ಸೋಮವಾರ ನಾನು ಕೆಲಸಕ್ಕೆ ಕೂರೋ ಹೊತ್ತಿಗೆ ಇದು ಸರಿ ಇರ್ಬೇಕು, ಹೇಳಿದೀನಿ!"

ಅಂಗಳದಲ್ಲಿ ಕಿತಿಯೋನೆ ಎರಡೂ ಕೈ ತಲೆಯ ಮೇಲೆ ಹೊತ್ತು ನಗುತ್ತಾನೆ. ಮುನ್ಸಾಮಿಗೆ ಮಗಳ ಬಾಯಿ ಕೇಳಿ ನಾಚಿಕೆ. "ಮನೆಗೆ ಬಂದೋರನ್ನ ಹಿಂಗಾ ಮಾತಾಡಿಸೋದು?" ಎಂದು ಗದರುತ್ತಾರೆ.

"ಗದರ್ಬೇಡಿ ಅಣ್ಣ" ಎನ್ನುತ್ತಾರೆ ಉನೈಸಿ, ಸುಲುವಿನ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಬೈಲಿ. ಆ ಬೈಗುಳ ಕೇಳೋಕೇ ನಾನು ಸಮುದ್ರ ದಾಟಿ ಬಂದಿದ್ದು."