ಓಗುಲ್ನಬಾತ್ ಬಯಸಿದ ಕುರ್ಚಿ

ನಮ್ಮ ಸರ್ಕಾರಿ ವಾರ್ತಾ ಕಚೇರಿಯ ಕಂಪ್ಯೂಟರುಗಳನ್ನು ಕಾಯುವುದು ಓಗುಲ್ನಬಾತಳ ಕೆಲಸ. ಕಟ್ಟಡದ ಅಮೃತಶಿಲೆ ಇನ್ನೂ ಹೊಸದಾಗಿದ್ದ ಕಾಲದಿಂದ ಅಲ್ಲಿದ್ದವಳು. ಮುಖ್ಯಸ್ಥ ದುರ್ದಿ ಆಗಾ ನಿವೃತ್ತನಾದರೆ ಅವನ ಕುರ್ಚಿ ತನ್ನದೇ ಎಂದು ನಂಬಿದ್ದಳು. ಅಷ್ಟರಲ್ಲಿ ರಷ್ಯಾದ ಕಜಾನಿನಲ್ಲಿ ಓದಿ ಬಂದ ಶೆಕೆರ್ ಕೆಲಸಕ್ಕೆ ಸೇರಿದಳು. ಆಗಾ ಅವಳನ್ನು ‘ಮಗಳೇ’ ಎನ್ನತೊಡಗಿದ. ಹಸಿರು ಚಹಾದ ಹೊತ್ತಿಗೆ ರೊಟ್ಟಿ ಮುರಿದು ಮೊದಲ ತುಂಡನ್ನು ಅವಳ ಮುಂದಿಡುತ್ತಿದ್ದ. ಅದನ್ನು ಕಂಡಾಗಲೆಲ್ಲ ಓಗುಲ್ನಬಾತಳ ಹೊಟ್ಟೆ ಉರಿಯುತ್ತಿತ್ತು. ಆ ಹುಡುಗಿಯ ನಗು, ಉದ್ದ ಜಡೆ, ಬೆರಳುಗಳ ವೇಗ, ಯಾವುದನ್ನೂ ಅವಳಿಂದ ಸಹಿಸಲಾಗುತ್ತಿರಲಿಲ್ಲ.

ಆ ವಸಂತದಲ್ಲಿ ದೇಶದ ನಾಯಕರು ಹಾಸಿಗೆ ಹಿಡಿದರು. ಅವರ ಜಾಗಕ್ಕೆ ಅಳಿಯ ಬರುವನೆಂಬ ಪ್ರಕಟಣೆ ನಮ್ಮಲ್ಲಿ ಗುಟ್ಟಾಗಿ ಸಿದ್ಧವಾಗಿತ್ತು. ಒಂದು ಬೆಳಿಗ್ಗೆ ಅದು ಪರದೇಶದ ಸುದ್ದಿತಾಣವೊಂದರಲ್ಲಿ ಒಂದಕ್ಷರವೂ ಬಿಡದೆ ಬಂದುಬಿಟ್ಟಿತು. ಯಾರೋ ನಮ್ಮ ಕಂಪ್ಯೂಟರುಗಳೊಳಗೆ ನುಗ್ಗಿದ್ದರು.

ಶೆಕೆರ್ ಮೊದಲು ಹೊರಗಿನ ಸಂಪರ್ಕವನ್ನೆಲ್ಲ ಕಡಿದಳು. ಆಮೇಲೆ ಇಬ್ಬರೂ ಕಳ್ಳನ ಜಾಡು ಹಿಡಿದು ಕೂತರು.

“ಅಕ್ಕಾ, ನಿಮಗೂ ಕಾಣಿಸ್ತಲ್ವಾ? ಹುಟ್ಟುಹಬ್ಬದ ಶುಭಾಶಯ ಅಂತ ಬಂದಿದ್ದನ್ನ ಆಗಾ ತೆರೆದು, ಅದು ಕೇಳಿದ ತಕ್ಷಣ ಪಾಸ್‌ವರ್ಡ್ ಕೊಟ್ಟುಬಿಟ್ಟಿದಾರೆ.”

“ಕಾಣಿಸ್ತು.”

“ಹಾಗಾದ್ರೆ ಹೇಳೋಣ ಬನ್ನಿ.”

“ಕಜಾನಿನಲ್ಲಿ ಓದಿದವಳು ನೀನಲ್ವಾ? ನೀನೇ ಹೇಳು.”

ತನಿಖೆಗೆ ಬಂದ ಗುಪ್ತಚರ ಅಧಿಕಾರಿಗಳ ಎದುರು ಶೆಕೆರ್ ಇದ್ದದ್ದನ್ನು ಇದ್ದಂತೆ ಹೇಳಿದಳು. ಆಗಾ ಅಲ್ಲಗಳೆದ. ಅವನು ಓಗುಲ್ನಬಾತಳತ್ತ ತಿರುಗಿದ.

“ನೀನು ಹಳಬಳು. ನೀನು ಹೇಳು ಮಗಳೇ.”

ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದದ್ದೇ ಇಲ್ಲ.

“ಕಳ್ಳರು ಒಳಗೆ ಬಂದಿದ್ದು ಶೆಕೆರ್ ಪಾಸ್‌ವರ್ಡಿಂದ,” ಎಂದಳು ಓಗುಲ್ನಬಾತ್. “ಹೊರದೇಶದಲ್ಲಿ ಇವಳಿಗೆ ಸ್ನೇಹಿತರು ಬಹಳ.”

“ಅಕ್ಕಾ, ನನ್ನ ಮುಖ ನೋಡಿ ಹೇಳಿ.”

ಓಗುಲ್ನಬಾತ್ ಮೇಜನ್ನು ನೋಡುತ್ತ ಕೂತಳು. ಶೆಕೆರಳನ್ನು ಅಲ್ಲಿಂದಲೇ ಕರೆದೊಯ್ದರು.

ಅಳಿಯ ಅಧಿಕಾರಕ್ಕೆ ಬಂದ ಸಂಭ್ರಮದಲ್ಲಿ ಹಲವು ಕೈದಿಗಳಿಗೆ ಬಿಡುಗಡೆಯಾಯಿತು. ಶೆಕೆರ್ ಕೂಡ ಹೊರಬಂದಳು. ಕೆಲಸ ಮಾತ್ರ ಹೋಗಿತ್ತು. ಹೇಗೋ ಸಮುದ್ರದಂಡೆಯ ಇಸ್ತಾಂಬುಲ್ ಸೇರಿದಳು. ಕಲ್ಲಂಗಡಿಯ ಕಾಲಕ್ಕೆ ದುರ್ದಿ ಆಗಾ ನಿವೃತ್ತನಾದ. ಆ ಕುರ್ಚಿಯಲ್ಲಿ ಬಂದು ಕೂತವನು ಅವನ ತಂಗಿಯ ಮಗ ವೆಪಾ. ಅಲ್ಲಿಯವರೆಗೆ ಕುದುರೆ ಲಾಯ ನೋಡಿಕೊಳ್ಳುತ್ತಿದ್ದವನು. ಅವನಿಗೆ ಕೆಲಸ ಕಲಿಸುವುದು ಓಗುಲ್ನಬಾತಳ ಪಾಲಿಗೆ ಬಂತು.

“ಪಾಸ್‌ವರ್ಡ್ ಉದ್ದ ಇದ್ರೆ ನನಗೆ ನೆನಪಿರಲ್ಲ ಅಕ್ಕಾ. ಚಿಕ್ಕದೊಂದು ಹೇಳಿ.”

ಅವಳು ಹಲ್ಲು ಕಚ್ಚಿಕೊಂಡು ಕಲಿಸಿದಳು.

ಆ ಚಳಿಗಾಲದಲ್ಲಿ ಬಜಾರಿನಲ್ಲಿ ಶೆಕೆರಳ ತಾಯಿ ಎದುರಾದಳು. ಓಗುಲ್ನಬಾತ್ ತಪ್ಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ.

“ಮಗಳು ಚೆನ್ನಾಗಿದಾಳೆ,” ಎಂದಳು ಮುದುಕಿ, ಕೇಳದೆಯೇ. “ಅಲ್ಲಿ ಏನು ಮಾತಾಡಿದ್ರೂ ಯಾರೂ ಕದ್ದು ಕೇಳಲ್ವಂತೆ.”

“ಅವಳ ಮನೆ ಕಿಟಕಿಯಿಂದ ಸಮುದ್ರ ಕಾಣುತ್ತಾ?”

“ಕಾಣುತ್ತಂತೆ.”

“ನನ್ನ ವಿಷಯ ಏನಾದ್ರೂ ಹೇಳ್ತಾಳಾ?”

“ಇಲ್ಲಮ್ಮ. ಒಂದು ಸಲಾನೂ ಇಲ್ಲ.”

ಮುದುಕಿ ಕ್ಯಾರೆಟ್ ಆರಿಸತೊಡಗಿದಳು. ಓಗುಲ್ನಬಾತ್ ಏನನ್ನೂ ಕೊಳ್ಳದೆ ಮನೆಗೆ ಬಂದಳು. ಕುರ್ಚಿಯ ಆಸೆ ಆ ಹೊತ್ತಿಗೆ ತಣ್ಣಗಾಗಿತ್ತು. ತಾನೆಂದೂ ಕಾಣದ, ಶೆಕೆರಳ ಕಿಟಕಿಯ ಆ ಸಮುದ್ರ ಈಗ ಅವಳನ್ನು ಸುಡುತ್ತಿತ್ತು.